ತಂತಿ ಮೇಲಿನ ಸೀರೆ

ಹಲಸೂರು,
16 ಜೂನ್ 2024

ಹಂಸಾ,

ಅಕ್ಷರ ನೋಡಿದ ಕೂಡಲೇ ಇದು ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಹರಿಯಬೇಡ, ಪೂರ್ತಿ ಓದು. ಹಲಸೂರಿನಿಂದ ನೀನಿರುವ ಜೀವನ್ ಬಿಮಾ ನಗರ ಎಷ್ಟು ದೂರ? ಎರಡು ಸಲ ಬಸ್ಸು ಹತ್ತಿ, ಎರಡು ಸಲವೂ ಇಂದಿರಾನಗರದಲ್ಲೇ ಇಳಿದು ವಾಪಸು ಬಂದೆ. ಅದಕ್ಕೇ ಬರೆಯುತ್ತಿದ್ದೇನೆ.

ಈ ಅರವತ್ತೆಂಟರಲ್ಲಿ ಮತ್ತೆ ಆಲ್ಬಮ್ ಮಾಡುತ್ತಿದ್ದೇನೆಂದು ಮಗಳು ಹೇಳಿರಬಹುದು. ಕವರ್ ಆಲ್ಬಮ್. ಕಂಟೋನ್ಮೆಂಟಿನ ಹಾಲುಗಳಲ್ಲಿ ನಮ್ಮ ಬ್ಯಾಂಡ್ ನುಡಿಸುತ್ತಿತ್ತಲ್ಲ, ಆ ಹಳೆಯ ರಾಕ್ ಹಾಡುಗಳು. ಎಲ್ಲವೂ ಬೇರೆಯವರು ಕಟ್ಟಿದವು. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ, ಪಾತ್ರೆ ಅಂಗಡಿಯ ಮಹಡಿಯಲ್ಲಿ ಸ್ಟುಡಿಯೋ. ರೆಕಾರ್ಡಿಂಗ್ ಮಾಡುವವಳು ಶೀಬಾ, ನಮ್ಮ ಭವ್ಯಳಿಗಿಂತ ಚಿಕ್ಕವಳು. ನನ್ನ ಎಡಗೈಯ ಉಂಗುರ ಬೆರಳು ಈಗ ಸರಿಯಾಗಿ ಮಡಚುವುದಿಲ್ಲ. ಕಷ್ಟದ ಜಾಗಗಳನ್ನು ಉಳಿದ ಬೆರಳುಗಳಲ್ಲಿ ಹೇಗೋ ದಾಟಿಸುತ್ತೇನೆ. ಅವಳಿಗೆ ಗೊತ್ತಾಗುತ್ತದೆ, ಹೇಳುವುದಿಲ್ಲ.

ಒಂಬತ್ತು ಹಾಡು ಮುಗಿದ ಮೇಲೆ ಹತ್ತನೆಯದಾಗಿ ‘ತಂತಿ ಮೇಲಿನ ಸೀರೆ’ ನುಡಿಸಿದೆ. ಶೀಬಾ ಹೆಡ್‌ಫೋನ್ ತೆಗೆದು, “ಸರ್, ಇದು ನಿಮ್ದೇ ಹಾಡಲ್ವಾ? ಕವರ್ ಹೆಂಗಾಗುತ್ತೆ?” ಎಂದಳು.

“ನಂದಲ್ಲಮ್ಮ. ನನ್ನ ಹೆಂಡ್ತಿ ಬರೆದಿದ್ದು. ಟ್ಯೂನೂ ಅವಳದೇ.”

ಮೂವತ್ತೈದು ವರ್ಷದಲ್ಲಿ ಮೊದಲ ಸಲ ಆ ಮಾತು ನನ್ನ ಬಾಯಿಂದ ಬಂತು. ಅವಳು, “ಅವ್ರಿಗೆ ಗೊತ್ತಾ ಸರ್?” ಎಂದಳು. ಅವಳದೇ ಹಾಡು, ಗೊತ್ತಿಲ್ಲದೆ ಇರುತ್ತದೆಯೇ ಎಂದೆ. “ಅಲ್ಲ ಸರ್, ನೀವು ಒಪ್ಕೊಂಡ್ರಿ ಅಂತ ಗೊತ್ತಾ?”

ಆ ದಿನ ಅಲ್ಲಿಗೇ ನಿಲ್ಲಿಸಿ ಮನೆಗೆ ಬಂದೆ.

ನಿನ್ನ ಅಮ್ಮ, ಮುನಿವೆಂಕಟಮ್ಮ ಅತ್ತೆ ತೀರಿಕೊಂಡ ವಾರ, ಅವರೇ ಒಣಹಾಕಿದ್ದ ಸೀರೆಯನ್ನು ತಾರಸಿಯಿಂದ ತೆಗೆಯಲು ನೀನು ಯಾರನ್ನೂ ಬಿಡಲಿಲ್ಲ. ಅದರ ಕೆಳಗೆ ಕೂತೇ ನೀನು ಈ ಹಾಡು ಬರೆದೆ. ಕ್ಯಾಸೆಟ್ ಬಂದಾಗ ಹಾಡಿನ ಮುಂದೆ ನನ್ನ ಹೆಸರಿತ್ತು. ನೀನು ಕೇಳಿದ್ದು ಒಂದೇ ಸಲ. ಪ್ರೆಸ್ಸಿನವರ ತಪ್ಪು ಎಂದೆ ನಾನು. ಹೆಸರುಗಳ ಹಾಳೆಯನ್ನು ಬರೆದುಕೊಟ್ಟವನು ನಾನೇ, ಹಂಸಾ. ಹದಿನೈದು ವರ್ಷ ಗಿಟಾರು ಹಿಡಿದ ನನಗೆ ಒಲಿಯದ್ದು ನಿನಗೆ ಒಂದು ಮಧ್ಯಾಹ್ನದಲ್ಲಿ ಒಲಿಯಿತಲ್ಲ ಎಂಬ ಹೊಟ್ಟೆಯುರಿ. ಆಮೇಲೆ ಪತ್ರಿಕೆಯವರು ಮನೆಗೆ ಬಂದಾಗ, ಅದು ತೀರಿಹೋದ ನನ್ನ ತಾಯಿಯ ಸೀರೆ ಎಂದೂ ಹೇಳಿದೆ. ನನ್ನ ತಾಯಿ ಆಗ ಒಳಗೆ ಮುದ್ದೆ ಕಟ್ಟುತ್ತಿದ್ದಳು. ನೀನು ಅವರಿಗೆ ಕಾಫಿ ತಂದಿಟ್ಟು, ಕೇಳಿಸಿಕೊಂಡು, ಒಳಗೆ ಹೋದೆ.

ಹೋದ ಭಾನುವಾರ ಭವ್ಯಳನ್ನು ಕರೆಸಿ ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. “ಅಮ್ಮ ಪಾತ್ರೆ ತೊಳೀತಾ ಅದನ್ನೇ ಹಾಡ್ತಿದ್ಲು. ನಿನ್ನ ನೆನಪಿಗೆ ಹಾಡ್ತಾಳೆ ಅನ್ಕೊಂಡಿದ್ದೆ ಅಪ್ಪಾ,” ಎಂದಷ್ಟೇ ಹೇಳಿ ಎದ್ದುಹೋದಳು. ಅಂದಿನಿಂದ ಫೋನ್ ಎತ್ತುತ್ತಿಲ್ಲ. ಎತ್ತದಿರುವುದೇ ನ್ಯಾಯ.

ಆಲ್ಬಮ್ಮಿನಲ್ಲಿ ‘ಸಾಹಿತ್ಯ, ಸಂಗೀತ: ಹಂಸ’ ಎಂದು ಹಾಕಲು ಶೀಬಾಗೆ ಹೇಳಿದ್ದೇನೆ. ನೀನು ಬೇಡವೆಂದರೆ ಹಾಡನ್ನೇ ತೆಗೆಯುತ್ತೇವೆ. ನೀನು ಏನೇ ಹೇಳಿದರೂ, ಆಗ ಆಡಿದ ಸುಳ್ಳನ್ನು ತಿದ್ದಿ ಆ ಪತ್ರಿಕೆಗೆ ನಿನ್ನೆಯೇ ಬರೆದು ಹಾಕಿದ್ದೇನೆ. ವಾಪಸು ಬಾ ಎಂದು ಕೇಳುವ ಮುಖ ನನಗಿಲ್ಲ. ಹಾಡಿನ ವಿಷಯಕ್ಕೆ ಮಾತ್ರ ಹೂಂ ಅಥವಾ ಊಹೂಂ ಎಂದು ತಿಳಿಸು.

ನಿನ್ನಲ್ಲಿ ತಪ್ಪು ಮಾಡಿದವನು,
ಮುತ್ತುರಾಜ್

ಮತ್ತೆ: ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಮನೆ ಬಿಟ್ಟುಹೋದ ದಿನ ನೀನು ಒಂದು ನೀಲಿ ನೋಟ್‌ಬುಕ್ಕಿಗಾಗಿ ಬೀರು, ಅಟ್ಟ, ಮಂಚದ ಕೆಳಗೆಲ್ಲ ಹುಡುಕಿದೆ. ನಾನೂ ನಿನ್ನ ಪಕ್ಕದಲ್ಲಿ ಮಂಡಿಯೂರಿ ಹುಡುಕಿದೆ. ಅದು ನನ್ನ ಗಿಟಾರ್ ಪೆಟ್ಟಿಗೆಯ ಒಳಬಟ್ಟೆಯ ಹಿಂದೆ ಇತ್ತು, ಇಟ್ಟವನು ನಾನೇ. ಈ ಪತ್ರದ ಜೊತೆಗೆ ಕಳಿಸುತ್ತಿದ್ದೇನೆ. ಹಾಡಿನ ತಲೆಯ ಮೇಲೆ ಪೆನ್ಸಿಲ್ಲಿನಲ್ಲಿ ‘ಅಮ್ಮನಿಗೆ’ ಎಂದು ಬರೆದಿದ್ದೀಯ. ಅದನ್ನೂ ಹಾಕಿಸಲೇ?