ಸ್ವಸಂತೋಷದಿಂದ ಬರೆದುಕೊಟ್ಟದ್ದು

ಮಳವಳ್ಳಿ, 3 ನವೆಂಬರ್ 1943, ಬೆಳಿಗ್ಗೆ

ಅತ್ತೆಗೆ ಮೈ ತೊಳೆಸಿದ್ದಾಯಿತು. ಗಂಜಿ ಕುಡಿಸಿದ್ದಾಯಿತು. ಮಗ್ಗುಲು ಬದಲಿಸುವಾಗ ಎಂದಿನಂತೆ ಬೈದರು. ಸೊಂಟ ಮುರಿದು ಎರಡು ವರ್ಷ — ನಾಲಿಗೆ ಮಾತ್ರ ಗಟ್ಟಿ. ಸೋದರತ್ತೆ ತಾನೆ, ಅಪ್ಪನ ಅಕ್ಕ. ನಮ್ಮ ವಂಶದ ನಾಲಿಗೆಯೇ ಹಾಗೆ. ಗಂಡ ಸತ್ತು ಬಂದಾಗ ನನಗೆ ಬಾಗಿಲು ತೆರೆದವರು ಇವರೊಬ್ಬರೇ. ಓದಿಸಿದರು, ಮೇಷ್ಟ್ರಮ್ಮ ಮಾಡಿದರು. ಮರೆತಿಲ್ಲ. ಹಾಗಂತ ಬೈಗುಳ ಸಿಹಿಯಾಗುತ್ತದೆಯೇ? ಸ್ಕೂಲಿಗೆ ಹೊತ್ತಾಯಿತು.

5 ನವೆಂಬರ್, ಸಂಜೆ

ಸೀಮೆಎಣ್ಣೆ ಸಿಗುತ್ತಿಲ್ಲ, ಬೆಳಕಿರುವಾಗಲೇ ಬರೆಯಬೇಕು. ಆರ್ಡರ್ ಬಂತು! ಮಂಡ್ಯದ ಮಿಡ್ಲ್ ಸ್ಕೂಲಿಗೆ ಬಡ್ತಿ. ಡಿಸೆಂಬರ್ ಒಂದಕ್ಕೆ ಸೇರಬೇಕು, ಇಲ್ಲವಾದರೆ ಬೇರೆಯವರಿಗೆ. ಏಳು ವರ್ಷ ಕಾದಿದ್ದೆ. ಇಬ್ಬರೂ ಹೋಗೋಣ ಎಂದು ಅತ್ತೆಗೆ ಹೇಳಿದೆ.

"ನಾ ಈ ಮನೆ ಬುಟ್ಟು ಎಲ್ಗೂ ಬರಾಕಿಲ್ಲ. ಓಗೋಳು ಓಗು."

ಬಟ್ಟಲು ತಳ್ಳಿದರು. ಸೀರೆಯೆಲ್ಲ ಗಂಜಿ. ನನಗೂ ರೇಗಿತು.

"ಹೋಗೇಬಿಡ್ತೀನಿ. ಆಮೇಲೆ ನಿಮ್ಮ ಮಗ್ಗುಲು ಯಾರು ತಿರುಗಿಸ್ತಾರೋ ನೋಡ್ತೀನಿ" ಎಂದೆ.

ಸುಮ್ಮನಾದರು. ಒಳ್ಳೆಯದೇ ಆಯಿತು.

6 ನವೆಂಬರ್

ಇಡೀ ದಿನ ಒಂದು ಬೈಗುಳವಿಲ್ಲ. ಮುದ್ದೆ ಗಂಟುಗಂಟಾಗಿತ್ತು, ಆದರೂ "ಚೆಂದಾಗದೆ ಕಣವ್ವ" ಅಂದರು! ಬುದ್ಧಿ ಬಂತು ಎಂದುಕೊಂಡೆ.

10 ನವೆಂಬರ್, ಸಂಜೆ

ಸ್ಕೂಲಿನಿಂದ ಬಂದರೆ ಜಗುಲಿಯಲ್ಲಿ ಪತ್ರ ಬರೆಯುವ ಜವರಯ್ಯ. ಎದುರುಮನೆ ಪಟ್ಟಲಮ್ಮನ ಕೈಲಿ ಅತ್ತೆಯೇ ಕರೆಸಿದ್ದರಂತೆ. ಮನೆ ನನ್ನ ಹೆಸರಿಗೆ ದಾನಪತ್ರ! ಹೆಬ್ಬೆಟ್ಟು ಒತ್ತಿ ಆಗಿತ್ತು. ಜವರಯ್ಯ ಓದಿದ: "…ನಿನ್ನ ಮೇಲಿನ ಪ್ರೀತಿ ವಿಶ್ವಾಸದಿಂದ, ಯಾರ ಬಲವಂತವೂ ಇಲ್ಲದೆ, ಸ್ವಸಂತೋಷದಿಂದ ಬರೆದುಕೊಟ್ಟ ದಾನಪತ್ರ…"

ಪ್ರೀತಿ ಎಂಬ ಮಾತು ಅತ್ತೆಯ ಬಾಯಿಂದ ಈವರೆಗೆ ಕೇಳಿರಲಿಲ್ಲ. ಕಾಗದದಲ್ಲಾದರೂ ಬಂತಲ್ಲ. ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡೆ. ಮಂಡ್ಯವೇ ಬೇಡ ಅನ್ನಿಸಿತು.

19 ನವೆಂಬರ್, ಮಧ್ಯಾಹ್ನ

ಅತ್ತೆ ಹಾಸಿಗೆ ಹಿಡಿದವರು, ಅದಕ್ಕೆ ಸಬ್ ರಿಜಿಸ್ಟ್ರಾರ್ ಮನೆಗೇ ಬಂದರು. "ಎಲ್ಲರೂ ಹೊರಗಿರಿ. ಮೇಷ್ಟ್ರಮ್ಮ, ನೀವೂ."

ಅತ್ತೆಗೆ ಕಿವಿ ಮಂದ. ಸಾಹೇಬರು ಕೂಗಿ ಕೇಳಬೇಕು, ಅತ್ತೆ ಕೂಗಿ ಹೇಳಬೇಕು. ಜಗುಲಿಗೇನು, ಬೀದಿಗೆಲ್ಲ ಕೇಳಿಸುತ್ತಿತ್ತು.

"ಯಾರಾದರೂ ಹೆದರಿಸಿ ಬರೆಸಿಕೊಂಡರೇನಮ್ಮ?"

"ಯಾರೂ ಎದರಿಸ್ನಿಲ್ಲ ಸೋಮಿ."

"ಮತ್ತೆ ಯಾಕೆ ಕೊಡ್ತಿದ್ದೀರಿ?"

"ಕೊಡ್ದಿದ್ರೆ ಓಯ್ತಾಳಲ್ಲ! ನಾ ಮನಗಿದ್ದಲ್ಲೇ ಕೊಳ್ತೋಯ್ತೀನಿ. ಮಗ್ಗುಲು ಯಾರ್ ತಿರುಗುಸ್ತಾರೋ ನೋಡ್ತೀನಿ ಅಂತ ಅವ್ಳೇ ಅಂದ್ಲಲ್ಲ. ಬೈಯೋದ್ನೂ ಬುಟ್ಟಿವ್ನಿ. ಬರ್ಕೊಳಿ ಸೋಮಿ, ಬಿರ್ನೆ ಬರ್ಕೊಳಿ."

ಪಕ್ಕದಲ್ಲಿ ನಿಂತಿದ್ದ ಪಟ್ಟಲಮ್ಮ ನನ್ನ ಮುಖ ನೋಡಲಿಲ್ಲ.

ಸಾಹೇಬರು ಹೊರಗೆ ಬಂದು ದನಿ ತಗ್ಗಿಸಿದರು. "ಹೆಬ್ಬೆಟ್ಟು ತನ್ನದೇ ಅಂತ ಒಪ್ಪಿದ್ದಾರೆ. ರಿಜಿಸ್ಟರ್ ಮಾಡಬಹುದು. ಆದರೆ ಅವರು ನಿಮ್ಮ ಕೈಯಿಂದ ಉಣ್ಣೋರು. ನೀವು ಬಿಟ್ಟರೆ ಗತಿಯಿಲ್ಲ. ಅಂಥವರು ಭಯಕ್ಕೆ ಕೊಟ್ಟದ್ದು ನಾಳೆ ಕೋರ್ಟಲ್ಲಿ ನಿಲ್ಲೋದು ಕಷ್ಟ. ಮನಸ್ಸಾರೆ ಕೊಟ್ಟರು ಅಂತ ನೀವೇ ತೋರಿಸಬೇಕಾಗುತ್ತೆ. ಏನು ಮಾಡಲಿ?"

"ಮಾಡಬೇಡಿ" ಎಂದೆ. ಕಾಗದ ವಾಪಸು ಕೊಟ್ಟು ಹೋದರು.

ಯಾರನ್ನೂ ಹೆದರಿಸಿದವಳಲ್ಲ ನಾನು — ಹಾಗೇ ತಿಳಿದಿದ್ದೆ. ಐದನೇ ತಾರೀಖಿನ ಪುಟ ತಿರುವಿದೆ. 'ಒಳ್ಳೆಯದೇ ಆಯಿತು.' ನನ್ನದೇ ಅಕ್ಷರ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು… ಮಕ್ಕಳಿಗೆ ವರ್ಷ ವರ್ಷ ಹೇಳಿಕೊಡುವವಳು ನಾನು. ಥೂ. ಪ್ರೀತಿಗೆ ಕೊಟ್ಟಿದ್ದರೆ ಕುಣಿದುಕೊಂಡು ಉಳಿಯುತ್ತಿದ್ದೆ. ಎದೆ ಒಡೆದುಹೋಗಿದೆ.

24 ನವೆಂಬರ್

ದಾನಪತ್ರ ಹರಿದು ಒಲೆಗೆ ಹಾಕಿದೆ. ಅವರೆದುರಿಗೇ. "ಮನೆ ಬೇಡ ಅತ್ತೆ. ಮೊದಲಿನ ಹಾಗೆ ಬೈಯಿರಿ, ಸಾಕು" ಎಂದೆ.

ಕೈ ಮುಗಿದರು. ನನಗೆ! ನನ್ನನ್ನು ಸೊಂಟದ ಮೇಲೆ ಹೊತ್ತು ಊರೆಲ್ಲ ತಿರುಗಿಸಿದವರು.

28 ನವೆಂಬರ್, ಸಂಜೆ

"ಓಗಾಕಿಲ್ಲ ಅಂತ ಬರ್ಕೊಡು ರೇವಿ."

"ಮಾತು ಸಾಲದಾ ಅತ್ತೆ?"

"ಓಯ್ತೀನಿ ಅಂದಿದ್ದೂ ಮಾತ್ನಲ್ಲೇ ಅಲ್ವಾ? ಕಾಗ್ದ ಬೇಕು. ಜವರಯ್ಯ ಓದ್ದಂಗೇ ಇರ್ಬೇಕು."

ಅತ್ತೆಗೆ ಓದು ಬಾರದು. ಅಂಗಡಿ ಸಾಮಾನಿನ ಪಟ್ಟಿ ಗೀಚಿ, ಇದೇ ಮುಚ್ಚಳಿಕೆ ಎಂದು ಓದಿ ಹೇಳಬಹುದು. ದಿಂಬಿನಡಿ ಇಟ್ಟುಕೊಂಡು ನಿಶ್ಚಿಂತೆಯಾಗಿ ಮಲಗುತ್ತಾರೆ. ಪಟ್ಟಲಮ್ಮನಿಗೆ ಒಪ್ಪಿಸಿ ಬುಧವಾರ ಮಂಡ್ಯದ ಬಸ್ಸು ಹತ್ತಬಹುದು. ಯೋಚಿಸಿದೆ, ಸುಳ್ಳೇಕೆ? ಒಂದು ಗಳಿಗೆ ಅಲ್ಲ, ಸ್ನಾನದ ನೀರು ಕಾಯುವ ತನಕ.

ಆಗಲಿಲ್ಲ. ನಿಜವಾದದ್ದನ್ನೇ ಬರೆಯಲು ಕೂತಿದ್ದೇನೆ. ಮೊದಲು ಇಲ್ಲಿ, ಆಮೇಲೆ ಒಳ್ಳೆಯ ಹಾಳೆಯಲ್ಲಿ. ಅತ್ತೆ ಹಾಸಿಗೆಯಿಂದ ನನ್ನ ಕೈಯನ್ನೇ ನೋಡುತ್ತಿದ್ದಾರೆ.

ಮಳವಳ್ಳಿ ವಾಸಿ ರೇವಮ್ಮ ಎಂಬ ನಾನು ನನ್ನ ಸೋದರತ್ತೆ ಪುಟ್ಟಮಾದಮ್ಮನವರಿಗೆ ಬರೆದುಕೊಟ್ಟ ಮುಚ್ಚಳಿಕೆ. ಮಂಡ್ಯದ ಕೆಲಸಕ್ಕೆ ಹೋಗುವುದಿಲ್ಲ. ಅವರಿರುವ ತನಕ ಈ ಮನೆ ಬಿಡುವುದಿಲ್ಲ. ಇದನ್ನು ಯಾರ ಬಲವಂತವೂ ಇಲ್ಲದೆ,

"ಬರ್ದಾ, ರೇವಿ?"

"ಬರೀತಿದ್ದೀನಿ ಅತ್ತೆ."

ಯಾರ ಬಲವಂತವೂ ಇಲ್ಲದೆ, ಸ್ವ—