ಕುರುಗೋಡಿನ ಎರಡು ಬಟ್ಟಲು

ಸಿರುಗುಪ್ಪ,
೧೮೮೯ನೇ ಇಸವಿ ನವೆಂಬರ್ ೧೪

ಮಗ ಚಿನ್ನಪ್ಪನಿಗೆ ಅವ್ವನ ಆಶೀರ್ವಾದ.

ನಾನು ಇಲ್ಲಿ ದೇಹದಿಂದ ಕ್ಷೇಮವಾಗಿದ್ದೇನೆ. ಬಳ್ಳಾರಿಯಲ್ಲಿ ಸಭೆಯ ಹಿರಿಯರ ಕೂಟದಲ್ಲಿ ನೀನೂ ಕ್ಷೇಮವಾಗಿರುವೆ ಎಂದು ತಿಳಿದಿದ್ದೇನೆ. ನಿನ್ನ ಎರಡು ಕಾಗದಗಳೂ ಬಂದವು. ಉತ್ತರ ತಡವಾಯಿತು, ತಪ್ಪು ನನ್ನದೇ. ಮಂಡಿನೋವು ಎಂದು ನೆಪ ಹೇಳಬಹುದಿತ್ತು. ಆದರೆ ಕಾಗದ ಬರೆಯುವುದು ಮಂಡಿಯಿಂದಲ್ಲವಲ್ಲ. ಸಿಟ್ಟಿನಿಂದ ಬರೆಯಲಿಲ್ಲ. ಎರಡು ಸಲ ಬರೆದು ಹರಿದು ಹಾಕಿದೆ. ಸಿಟ್ಟು ಇಳಿದ ಮೇಲೆ ಬರೆಯೋಣ ಎಂದು ಮೂರು ವಾರ ಕಾದೆ. ಇಳಿಯಲಿಲ್ಲ. ಇನ್ನು ಹೀಗೇ ಬರೆಯುತ್ತೇನೆ, ಓದಿಕೋ.

ಕಾಲುವೆ ಬದಿಯ ಭತ್ತ ತೆನೆಗೆ ಬಂದಿದೆ. ಎರ್ರಣ್ಣನ ಹೆಂಡತಿಗೆ ಹೆಣ್ಣು ಹುಟ್ಟಿತು, ಬಾಣಂತಿ ಗಟ್ಟಿಯಾಗಿದ್ದಾಳೆ. ಕೆಂಚನಗುಡ್ಡದಲ್ಲಿ ನನ್ನ ಬೈಬಲ್ ಓದು ಕೇಳಲು ಈಗ ಆರು ಹೆಂಗಸರು ಕೂಡುತ್ತಾರೆ. ಊರಿನ ಸುದ್ದಿ ಇಷ್ಟೇ.

ಈಗ ಕುರುಗೋಡಿನ ಮಾತು.

ಈ ವರ್ಷ ಹಿರಿಯರು ನಿನ್ನ ತಲೆಯ ಮೇಲೆ ಕೈಯಿಟ್ಟು ನಿನ್ನನ್ನು ಸಭಾಪಾಲಕನನ್ನಾಗಿ ಮಾಡಿದರು. ನೀನು ಮೊದಲ ಸಲ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಬಡಿಸುವುದನ್ನು ಕಣ್ಣಾರೆ ನೋಡಬೇಕೆಂದು ನಾನು ಒಂದೂವರೆ ದಿನ ಬಂಡಿಯಲ್ಲಿ ಕುಲುಕಿಕೊಂಡು ಕುರುಗೋಡಿಗೆ ಬಂದೆ. ನಿನ್ನ ಬಿಡಾರ ಚಿಕ್ಕದೆಂದು ಹೇಳಿ ನೀನು ನನ್ನನ್ನು ಕೇರಿಯ ಹುಲುಗಪ್ಪನ ಮನೆಗೆ ಕಳಿಸಿದೆ. ನಾನು ಸಂತೋಷದಿಂದಲೇ ಹೋದೆ. ಕುರುಗೋಡಿನಲ್ಲಿ ಎಲ್ಲರಿಗಿಂತ ಮೊದಲು ನಂಬಿದವನು ಹುಲುಗಪ್ಪ. ಇಪ್ಪತ್ತೆರಡು ವರ್ಷದ ಹಿಂದೆ ಅದಕ್ಕಾಗಿ ಹೊಡೆತ ತಿಂದು ಎಡಗಿವಿ ಕಳೆದುಕೊಂಡವನು. ಅವನ ಮನೆಯ ಅಂಬಲಿ ನನಗೆ ಹಬ್ಬದೂಟ.

ಭಾನುವಾರ ಬೆಳಿಗ್ಗೆ ನಾನು ಪ್ರಾರ್ಥನೆಯ ಚಾವಡಿಗೆ ಬಂದಾಗ ನೀನು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಬೆಳ್ಳಿಯ ಬಟ್ಟಲು ಇಟ್ಟಿದ್ದೆ. ಕಿಟಕಿಯ ಕಟ್ಟೆಯ ಮೇಲೆ ಇನ್ನೊಂದು ಹಿತ್ತಾಳೆಯ ಬಟ್ಟಲು ಇತ್ತು. ಕೈ ತೊಳೆಯುವ ನೀರಿರಬೇಕು ಎಂದುಕೊಂಡೆ. ಎಷ್ಟು ದಡ್ಡಿ ನೋಡು ನಾನು.

ಆ ದಿನ ಹೊಸದಾಗಿ ಸೇರಿದ ವಿರೂಪಾಕ್ಷಪ್ಪನ ಮನೆಯ ಹದಿನಾಲ್ಕು ಮಂದಿ ಮುಂದೆ ಕೂತಿದ್ದರು. ಹೊಲಮನೆ ಇದ್ದ ಮೇಲುಜಾತಿಯವರು, ನೆಂಟರನ್ನೆಲ್ಲ ಬಿಟ್ಟು ಬಂದವರು. ಅವರ ಮೇಲೆ ನನಗೆ ಕೋಪವಿಲ್ಲ. ನೀನು ಚೆನ್ನಾಗಿಯೇ ಉಪದೇಶ ಮಾಡಿದೆ. ನಮ್ಮ ಪಾಪಕ್ಕಾಗಿ ಕರ್ತ ತನ್ನ ಮೈಯನ್ನೇ ಕೊಟ್ಟ, ರಕ್ತ ಸುರಿಸಿದ, ಅವನು ತಿರುಗಿ ಬರುವ ಕಾಲ ಬಾಗಿಲಲ್ಲಿದೆ ಎಂದೆ. ನನ್ನ ಕಣ್ಣು ತುಂಬಿತು. ಆಮೇಲೆ ನೀನು ಬೆಳ್ಳಿ ಬಟ್ಟಲನ್ನು ಆ ಮನೆಯವರಿಗೆ ಕೊಟ್ಟೆ. ಅದು ತನ್ನ ಕಡೆಗೂ ಬರುತ್ತದೆಂದು ಹುಲುಗಪ್ಪ ಎರಡೂ ಕೈ ಚಾಚಿದ. ನೀನು ಬಟ್ಟಲನ್ನು ಹಿಂದಕ್ಕೆಳೆದುಕೊಂಡೆ.

"ಹಿರ್ಯಾ, ನಿಮ್ಮದು ಆ ಕಡಿ ಐತಿ."

ಹುಲುಗಪ್ಪ ಚಾಚಿದ ಕೈಗಳನ್ನು ತನ್ನ ಧೋತರಕ್ಕೆ ಒರೆಸಿಕೊಂಡ, ಅವಕ್ಕೇನೋ ಮೆತ್ತಿಕೊಂಡಿದೆಯೋ ಎಂಬಂತೆ. ಎಪ್ಪತ್ತು ವರ್ಷದ ಮುದುಕ. ಚಿನ್ನಪ್ಪಾ, ನೀನು ಅದನ್ನು ನೋಡಿದೆ. ನೋಡಿ, ಕಿಟಕಿಯ ಕಡೆ ಹೋಗಿ ಹಿತ್ತಾಳೆಯ ಬಟ್ಟಲು ತಂದೆ.

ನಾನು ಎದ್ದುನಿಂತು "ನನಗ ಬ್ಯಾಡ" ಎಂದು ಹೊರಗೆ ನಡೆದೆ. ಬೇರೆ ಯಾರೂ ಏಳಲಿಲ್ಲ. ಹುಲುಗಪ್ಪ ತಲೆ ತಗ್ಗಿಸಿ ಆ ಬಟ್ಟಲಿನಲ್ಲೇ ಕುಡಿದನಂತೆ.

ಮಧ್ಯಾಹ್ನ ಚಾವಡಿಯ ಹಿಂದೆ ನಿನ್ನನ್ನು ತಡೆದು ಕೇಳಿದಾಗ ನೀನು ಕೊಟ್ಟ ಉತ್ತರ ನನಗೆ ಬಾಯಿಪಾಠವಾಗಿದೆ. "ಅವ್ವಾ, ಮೆಲ್ಲಗ ಮಾತಾಡು. ಕಾಲ ಬಾಳ ಕಡಿಮಿ ಐತಿ. ಕರ್ತ ಬರೂದ್ರಾಗ ಎಷ್ಟು ಮಂದಿ ಬರ್ತಾರೋ ಅಷ್ಟು ಮಂದೀನ ಒಳಗ ಕರಕೋಬೇಕು. ಒಂದು ಬಟ್ಲದ ಸಲುವಾಗಿ ಅವರು ತಿರುಗಿ ಹೋದರ ಆ ಹದಿನಾಲ್ಕು ಆತ್ಮಕ್ಕ ನೀ ಉತ್ತರ ಕೊಡ್ತಿಯೇನು? ಬಟ್ಲದ ಮಾತು ಆಮ್ಯಾಲ ಸರಿ ಮಾಡೋಣಂತ."

ಆಮೇಲೆ ಎಂದರೆ ಯಾವಾಗ? ಲೋಕಕ್ಕೆ ದಿನವೇ ಇಲ್ಲ ಎಂದು ಬೆಳಿಗ್ಗೆ ಹೇಳಿದವನು ಮಧ್ಯಾಹ್ನ ನನಗೆ ಆಮೇಲೆ ಎನ್ನುತ್ತೀಯಾ? ಕರ್ತ ಬರುತ್ತಾನೆಂದು ನಾನೂ ನಂಬುತ್ತೇನೆ. ನಂಬಿದ್ದಕ್ಕೇ ಈ ಮಂಡಿ ಹೊತ್ತುಕೊಂಡು ಹೊಳೆದಂಡೆಯ ಊರೂರು ತಿರುಗಿ ಸುವಾರ್ತೆ ಹೇಳುತ್ತಿದ್ದೇನೆ. ಅವನು ಆ ಭಾನುವಾರವೇ ಬಂದಿದ್ದರೆ ನೀನು ಯಾವ ಬಟ್ಟಲನ್ನು ಅವನ ಕೈಗೆ ಕೊಡುತ್ತಿದ್ದೆ? ಅವನು ಯಾರ ಪಕ್ಕ ಕೂತಿರುತ್ತಿದ್ದ? ಅವನು ಸುರಿಸಿದ್ದು ಒಂದೇ ರಕ್ತ. ಅದನ್ನು ಎರಡು ಮಾಡಲು ನಿನಗೆ ಅಧಿಕಾರ ಕೊಟ್ಟವರು ಯಾರು?

ನಾನು ಯಾಕೆ ನಂಬಿದೆ ಎಂದು ನಿನಗೆ ಯಾವತ್ತೂ ಹೇಳಿಲ್ಲ. ಈಗ ಕೇಳು. ನಿನ್ನ ಅಪ್ಪ ಕಪಿಲೆಯ ಬಾನಿ ಹೊಲಿಯುತ್ತಿದ್ದ. ಅವನು ಹೊಲಿದ ಆ ಚರ್ಮದ ಬಾನಿಯಲ್ಲಿ ಎತ್ತುಗಳು ನೀರೆಳೆದು ಊರವರ ಹೊಲವೆಲ್ಲ ತೊಯ್ಯುತ್ತಿತ್ತು. ಅವನಿಗೆ ಬಾಯಾರಿದರೆ ದೂರ ಕೂತು ಬೊಗಸೆ ಒಡ್ಡಬೇಕು, ಯಾರಾದರೂ ಮೇಲಿಂದ ಹೊಯ್ಯಬೇಕು. ಅವನು ಸತ್ತ ವರ್ಷ ಊರಮ್ಮ, ನಮ್ಮ ಕೇರಿಯ ನನ್ನ ಓರಗೆಯವಳು, ಬಂದು "ಬಳ್ಳಾರ್ಯಾಗ ಎಲ್ಲಾರೂ ಒಂದ ಬಟ್ಲದಾಗ ಕುಡೀತಾರಂತ ನೋಡು" ಎಂದಳು. ನಾನು ನಂಬಲಿಲ್ಲ. ಸುಳ್ಳೆಂದು ತೋರಿಸಿಕೊಡಲು ನಿನ್ನನ್ನು ಸೊಂಟಕ್ಕೆ ಎತ್ತಿಕೊಂಡು ಹೋದೆ. ಬಾಗಿಲಲ್ಲಿ ನಿಂತು ನೋಡಿದೆ. ಬಟ್ಟಲು ಊರಮ್ಮನ ಬಾಯಿಂದ ದೊರೆಸಾನಿಯ ಕೈಗೆ ಹೋಯಿತು. ಆ ಬಿಳಿಯ ಹೆಂಗಸು ಅದನ್ನು ಒರೆಸಲಿಲ್ಲ, ತಿರುಗಿಸಲಿಲ್ಲ, ಹಾಗೇ ಕುಡಿದಳು. ಶಿಲುಬೆ, ಬಲಿ, ಬಿಡುಗಡೆ ಎಂಬ ಮಾತೆಲ್ಲ ಆಮೇಲೆ ಕಲಿತೆ. ಕರ್ತ ಯಾತಕ್ಕೆ ಸತ್ತ ಎನ್ನುವುದು ಮಾತ್ರ ಆ ಬಾಗಿಲಲ್ಲೇ ನನಗೆ ತಿಳಿಯಿತು.

ಅದೇ ಬಟ್ಟಲನ್ನು ನನ್ನ ಮಗ ಎರಡು ಮಾಡಿದ.

ಇನ್ನೂ ಇದೆ. ನೀನು ಸೋಮವಾರ ಬಳ್ಳಾರಿಗೆ ಹೊರಟುಹೋದೆ. ಹುಲುಗಪ್ಪ ಮೂರು ಹೊತ್ತು ಊಟ ಬಿಟ್ಟಿದ್ದ, ಅವನಿಗಾಗಿ ನಾನು ಉಳಿದೆ. ಬುಧವಾರ ಮುಂಜಾನೆ ವಿರೂಪಾಕ್ಷಪ್ಪನ ಹೆಂಡತಿ ಅಕ್ಕನಾಗಮ್ಮ ಒಬ್ಬಳೇ ಕೇರಿಗೆ ಬಂದಳು. ಹುಟ್ಟಿದಂದಿನಿಂದ ಆ ಓಣಿಯಲ್ಲಿ ಕಾಲಿಡದವಳು. ಎಲ್ಲರೂ ಬಾಗಿಲಿಗೆ ಬಂದು ನಿಂತರು. ಅವಳು ಹುಲುಗಪ್ಪನ ಕಟ್ಟೆಯ ಮೇಲೆ ಕೂತು, "ಎದ್ದು ಹ್ವಾದಾಕಿ ನೀವ ಏನವ್ವ?" ಎಂದು ಕೇಳಿದಳು. ಹೌದೆಂದೆ. "ನೀರು ಕೊಡ್ರಿ" ಎಂದಳು. ಕೊಟ್ಟೆ. ತಂಬಿಗೆಯನ್ನು ತುಟಿಗೆ ಹಚ್ಚಿ ಕುಡಿದಳು. ಅರ್ಧ ನೀರು ಸೀರೆಯ ಮೇಲೆ ಚೆಲ್ಲಿತು. ಆದರೂ ಕುಡಿದಳು.

ಆಮೇಲೆ ಹೇಳಿದಳು: "ಎರಡು ಬಟ್ಲ ನಾವು ಕೇಳಿಲ್ಲವ್ವ. ಒಂದ ಬಟ್ಲ ಅಂತ ನಮ್ಮ ಯಜಮಾನ್ರಿಗೆ ಗೊತ್ತಿತ್ತು. ಕುಡಿಬೇಕು ಅಂತ ಮನಸು ಗಟ್ಟಿ ಮಾಡಕೊಂಡ ಬಂದಿದ್ವಿ. ಅಯ್ಯನೋರು ತಾವ ನಮ್ಮ ಮನಿಗೆ ಬಂದು, ನಿಮಗ ಬ್ಯಾರೆ ಇಡ್ತೀನಿ, ಚಿಂತಿ ಮಾಡಬ್ಯಾಡ್ರಿ ಅಂದ್ರು. ಖರೆ ಹೇಳ್ತೀನಿ, ಅದನ್ನ ಕೇಳಿ ನನಗ ಹಾಯ್ ಅನ್ನಿಸ್ತು. ನೀವು ಎದ್ದು ಹೋದಾಗ ಮಾತ್ರ ಮಾರಿ ಎತ್ತಲಿಕ್ಕ ಆಗಲಿಲ್ಲ."

ಕೇಳಿದೆಯಾ? ಅವರು ಕೇಳಿರಲಿಲ್ಲ. ತಿರುಗಿ ಹೋಗುತ್ತೇವೆ ಎಂದೂ ಅಂದಿರಲಿಲ್ಲ. ಹದಿನಾಲ್ಕು ಆತ್ಮದ ಭಾರ ನನ್ನ ತಲೆಯ ಮೇಲೆ ಹೊರಿಸಿದೆಯಲ್ಲ, ಆ ಭಯ ಅವರದಲ್ಲ, ನಿನ್ನದು. ಅವರು ತಮ್ಮ ಜಾತಿಯ ಎತ್ತರದಿಂದ ಇಳಿಯಲು ಸಿದ್ಧರಾಗಿ ಬಂದಿದ್ದರು. ಇಳಿಯುವುದು ಬೇಡ ಎಂದು ತಡೆದವನು ನೀನು.

ಮುಂದಿನ ಭಾನುವಾರ ನೀನಿಲ್ಲದಾಗ ಹುಲುಗಪ್ಪನೇ ಪ್ರಾರ್ಥನೆ ನಡೆಸಿದ. ಅಕ್ಕನಾಗಮ್ಮ ಕೇರಿಯ ಹೆಂಗಸರ ನಡುವೆ ಕೂತಳು. ವಿರೂಪಾಕ್ಷಪ್ಪ ಬಾಗಿಲ ತನಕ ಬಂದು ನಿಂತ, ಒಳಗೆ ಬರಲಿಲ್ಲ. ಅದೂ ಸರಿಯೇ, ಬರುತ್ತಾನೆ. ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಸೇರಿ ಒಂದು ಮಾತು ಗೊತ್ತುಮಾಡಿದ್ದಾರೆ. ಕ್ರಿಸ್ತಜಯಂತಿಯ ಭೋಜನಕ್ಕೆ ಒಂದೇ ಬಟ್ಟಲು. ಎರಡು ಕಂಡರೆ ಯಾರೂ ಕುಡಿಯುವುದಿಲ್ಲ. ಈ ಸಲ ನನ್ನ ಜೊತೆ ಎಲ್ಲರೂ ಏಳುತ್ತಾರೆ.

ಬಳ್ಳಾರಿಯ ಮಿಷನ್ ದೊರೆಗೆ ನಾನು ಬರೆದಿಲ್ಲ. ಬರೆದರೆ ನಿನ್ನ ಕೆಲಸ ಹೋಗಬಹುದು, ನನಗೆ ಬೇಕಾದದ್ದು ಅದಲ್ಲ. ನೀನು ಹುಲುಗಪ್ಪನ ಮನೆಗೆ ಹೋಗು. ಎಲ್ಲರಿಗಿಂತ ಮೊದಲು ಅವನ ಕೈಗೆ ಬಟ್ಟಲು ಕೊಡು. ಅವನು ಕುಡಿದ ಮೇಲೆ ನೀನು ಕುಡಿ.

ಬಳ್ಳಾರಿಯ ಧೂಳಿಗೆ ನಿನಗೆ ಕೆಮ್ಮು ಬರುತ್ತದೆ, ಬಿಸಿನೀರು ಕುಡಿ. ಬಯ್ದೆನೆಂದು ಊಟ ಬಿಡಬೇಡ. ಕರ್ತ ಬರುವ ದಿನ ನೀನು ತಲೆ ಎತ್ತಿ ನಿಲ್ಲುವಂತೆ ದೇವರು ನಿನ್ನನ್ನು ಕಾಯಲಿ, ತಿದ್ದಲಿ.

ನಿನ್ನ ತಾಯಿ,
ಕೃಪಮ್ಮ

ತಾ.ಕ. — ಇದನ್ನು ಬರೆಯಬಾರದೆಂದಿದ್ದೆ. ಅಕ್ಕನಾಗಮ್ಮ ಆ ದಿನ ಏಳುವ ಮೊದಲು ಹೇಳಿದಳು: "ನಮ್ಮ ಅಯ್ಯನೋರ ಮ್ಯಾಲ ಬಾಳ ಸಿಟ್ಟಾಗಬ್ಯಾಡ್ರವ್ವ. ತಾಯಿ ಇಲ್ಲದ ಜೀವ. ಕೂಸಿದ್ದಾಗ ಕಾಲರಾದಾಗ ತಾಯಿ ಹೋದಳಂತ, ಅವರು ತಾವ ನಮ್ಮನ್ಯಾಗ ಕೂತು ಹೇಳ್ಯಾರ. ನೀವೂ ಅವರ ಊರು ಸಿರುಗುಪ್ಪದಾಕಿ, ಆಕಿನ್ನ ನೋಡಿದ್ರೇನು?" ಹುಲುಗಪ್ಪ ನನ್ನ ಮುಖ ನೋಡಿದ. ನಾನು "ಇಲ್ಲವ್ವ, ನೋಡಿಲ್ಲ" ಎಂದೆ. ದೀಕ್ಷಾಸ್ನಾನವಾದ ಮೇಲೆ ನಾನಾಡಿದ ಮೊದಲ ಸುಳ್ಳು ಅದು, ನಿನ್ನ ಮಾನಕ್ಕಾಗಿ ಆಡಿದೆ. ಇನ್ನೊಂದು ಸಲ ಆಡುವುದಿಲ್ಲ. ಕ್ರಿಸ್ತಜಯಂತಿಗೆ ನಾನು ಕುರುಗೋಡಿಗೆ ಬರುತ್ತೇನೆ, ಅವಳ ಪಕ್ಕದಲ್ಲೇ ಕೂರುತ್ತೇನೆ. ಅವಳೆದುರಿಗೆ ನನ್ನನ್ನು ಏನೆಂದು ಕರೆಯುತ್ತೀಯೋ ಈಗಲೇ ಯೋಚಿಸಿಕೊ.