ನಲವತ್ತನೆಯ ಹೆಸರು

ಅವ್ವಾ,

ನೀನು ಆಸ್ಪತ್ರೆ ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ನಾನು ಸಾಲಗುಂದದಲ್ಲಿರುತ್ತೇನೆ. ಇವತ್ತು ಶಾಲೆಗೆ ಹೋಗುವುದಿಲ್ಲ. ರೊಟ್ಟಿ ಬುಟ್ಟಿಯಲ್ಲಿವೆ, ಪುಂಡಿಪಲ್ಯ ಒಲೆಯ ಮೇಲಿದೆ. ಬೈಯುವ ಮುಂಚೆ ಉಣ್ಣು.

ಗಣಿತದ ಪ್ರಾಜೆಕ್ಟಿಗೆ 'ಮಕ್ಕಳು ಶಾಲೆ ಯಾಕೆ ತಪ್ಪಿಸುತ್ತಾರೆ' ಎಂಬ ಪ್ರಶ್ನೆ ಹಿಡಿದವಳು ನಾನೇ. ಹಾಜರಿ ಪುಸ್ತಕದ ಮುನ್ನೂರಿಪ್ಪತ್ತು ಹೆಸರನ್ನೂ ಚೀಟಿಗಳಲ್ಲಿ ಬರೆದು, ಡಬ್ಬಿಯಲ್ಲಿ ಕಲಸಿ, ಕಣ್ಣು ಮುಚ್ಚಿ ನಲವತ್ತು ಎತ್ತಿದೆ. ಮೂವತ್ತೊಂಬತ್ತು ಮಂದಿ ಉತ್ತರ ಕೊಟ್ಟರು. ಉಳಿದವಳು ಒಂಬತ್ತನೇ ಕ್ಲಾಸಿನ, ಸಾಲಗುಂದ ಊರಿನ ಯಮನೂರಮ್ಮ. ಎರಡು ತಿಂಗಳಿಂದ ಶಾಲೆಗೆ ಬಂದಿಲ್ಲ.

ಗಣಿತದ ಸರ್ ನಿನ್ನೆ, "ಬರಲಾರದಾಕಿನ್ನ ಎಲ್ಲಿ ಹುಡುಕ್ತಿ? ಆಕಿ ಬದ್ಲಿ ಮುಂದಿನ ಬೆಂಚಿನಾಕಿನ್ನ ಕೇಳಿ ಬರಿ" ಅಂದರು.

"ಬರೋರನ್ನಷ್ಟ ಕೇಳಿದ್ರ, ಬರಲಾರದೋರು ಯಾಕ ಬರಂಗಿಲ್ಲ ಅಂತ ಹೆಂಗ ಗೊತ್ತಾಗ್ತೈತ್ರಿ ಸರ್?" ಅಂತ ಕೇಳಿದೆ. ಇಡೀ ಕ್ಲಾಸು ನಕ್ಕಿತು. ಇವತ್ತು ಪ್ರಾಜೆಕ್ಟ್ ಕೊಡದಿದ್ದರೆ ಐದು ಅಂಕ ಕಳೆಯುತ್ತಾರಂತೆ. ಕಳೆಯಲಿ.

ನೀನೂ "ಸರ್ ಹೇಳಿದಂಗ ಬರದು ಸುಮ್ಕಿರು" ಅಂದೆಯಲ್ಲ, ಅದಕ್ಕೇ ಹೆಚ್ಚು ಸಿಟ್ಟು ಬಂತು. ಸಾಲಗುಂದದಿಂದ ಬರುವ ಹುಡುಗಿಯರನ್ನು ವಿಚಾರಿಸಿದ್ದೇನೆ. "ಮನ್ಯಾಗ ಅದಾಳ. ಯಾಕ ಬರವಲ್ಲಿ ಅಂತ ಯಾರೂ ಆಕಿನ್ನ ಕೇಳಿಲ್ಲ" ಅಂದರು. ನಾನು ಕೇಳುತ್ತೇನೆ. ಆಕೆ ಹೇಳಿದ್ದನ್ನು ಒಂದಕ್ಷರ ಬದಲಿಸದೆ ಬರೆಯುತ್ತೇನೆ.

ಸಂಜೆಯೊಳಗೆ ಬರುತ್ತೇನೆ. ಸರ್ ಫೋನ್ ಮಾಡಿದರೆ ಜ್ವರ ಅಂತ ಸುಳ್ಳು ಹೇಳಬೇಡ. "ಯಮನೂರಮ್ಮನ್ನ ಕೇಳಾಕ ಹೋಗ್ಯಾಳ" ಅಂತಲೇ ಹೇಳು.

ನಂದಿನಿ